ತುಂಬಿದ ಗಾಡಿ, ಖಾಲಿ ಗಾಡಿ: ನಾನು ಪ್ರೇಮಕಥೆ ಬರೆಯುವ ರೀತಿ

ನಾನು ಬರೆಯುವುದು ಹಗುರವಾದ ಪ್ರೇಮಕಥೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದಿಷ್ಟು ಜಗಳ, ಜಾಸ್ತಿ ನಗು, ಕೊನೆಗೆ ಇಬ್ಬರೂ ಒಂದಾಗುವುದು. ಹಗಲು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಮೊಬೈಲಿನಲ್ಲಿ ಕಥೆ ಟೈಪ್ ಮಾಡುತ್ತೇನೆ. ಎರಡೂ ಕೆಲಸದಲ್ಲಿ ಕೊನೆಗೆ ಲೆಕ್ಕ ತಾಳೆ ಆಗಲೇಬೇಕು.

ನನ್ನ ತಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಅವನದು ಯಾವಾಗಲೂ ಒಂದೇ ತಕರಾರು. "ಅಕ್ಕಾ, ಕೊನಿಗೆ ಇಬ್ರೂ ಮದುವಿ ಆಗ್ತಾರಂತ ಮೊದಲನೇ ಪುಟದಾಗ ಗೊತ್ತಾಗಿಬಿಡ್ತೈತಿ. ಮತ್ಯಾಕ ಓದಬೇಕು?" ನಾನು ಹೇಳುವುದು ಇಷ್ಟೇ: ನಮ್ಮ ಕಡೆ ಬಯಲಾಟ ನೋಡಲು ಜನ ರಾತ್ರಿಯಿಡೀ ಚಾಪೆ ಹಾಸಿಕೊಂಡು ಕೂರುವುದಿಲ್ಲವೇ? ದುರ್ಯೋಧನ ಸಾಯುತ್ತಾನೆ ಅಂತ ಚಿಕ್ಕ ಹುಡುಗರಿಗೂ ಗೊತ್ತು. ಈ ಸಲ ಭೀಮನ ಪಾತ್ರದವನು ಹೇಗೆ ಕುಣಿಯುತ್ತಾನೆ, ಸಾರಥಿ ಏನು ಚೇಷ್ಟೆ ಮಾಡುತ್ತಾನೆ ಅಂತ ನೋಡಲು ಕೂರುತ್ತಾರೆ. ಕೊನೆ ಗೊತ್ತಿದ್ದರೆ ನಡುವಿನದನ್ನು ಆರಾಮಾಗಿ ಸವಿಯಬಹುದು.

ಹೊರದೇಶದವರೂ ಇದನ್ನು ಒಪ್ಪಿಕೊಂಡಿದ್ದಾರೆ. ಅಮೆರಿಕದಲ್ಲಿ 1980ರಲ್ಲಿ ಶುರುವಾದ ಪ್ರೇಮಕಥೆಗಾರರ ಸಂಘವೊಂದು ಈ ಬಗೆಯ ಕಥೆಗೆ ಇಟ್ಟಿರುವುದು ಎರಡೇ ಷರತ್ತು. ಕಥೆಯ ನಟ್ಟನಡುವೆ ಪ್ರೀತಿ ಇರಬೇಕು. ಕೊನೆ ಮನಸ್ಸಿಗೆ ಸಮಾಧಾನ ಕೊಡಬೇಕು, ಭರವಸೆ ಹುಟ್ಟಿಸಬೇಕು. ಉಳಿದದ್ದೆಲ್ಲ ಬರೆಯುವವರಿಗೆ ಬಿಟ್ಟದ್ದು. ರಾಯಚೂರಿನಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ನರ್ಸ್ ನನ್ನ ಕಥೆ ತಪ್ಪದೆ ಓದುತ್ತಾರೆ. "ಅಕ್ಕಾರ, ವಾರ್ಡಿನ್ಯಾಗ ಏನಾಗ್ತೈತೋ ಅಂತ ಜೀವ ಹಿಡ್ಕೊಂಡು ಕುಂತಿರ್ತೀವಿ. ಕಥಿಯೊಳಗಾದ್ರೂ ಎಲ್ಲಾ ಛಲೋ ಆಗ್ಲಿ" ಅಂದರು ಒಮ್ಮೆ. ತಮ್ಮನ ತಕರಾರಿಗೆ ನನಗಿಂತ ಒಳ್ಳೆಯ ಉತ್ತರ ಅವರೇ ಕೊಟ್ಟರು.

ಹಾಗಾದರೆ ಬರೆಯುವವರ ಕಷ್ಟ ಎಲ್ಲಿದೆ? ಅಡ್ಡಿಯಲ್ಲಿ. ಇಬ್ಬರೂ ಮೊದಲ ದಿನವೇ ಒಪ್ಪಿಬಿಟ್ಟರೆ ಕಥೆಯೇ ಇಲ್ಲ. ಅಪ್ಪ ಮಚ್ಚು ಹಿಡಿದು ನಿಂತರೆ ಅದು ಹಗುರ ಕಥೆಯಲ್ಲ. ಅಡ್ಡಿ ನಗುವಷ್ಟು ಚಿಕ್ಕದಿರಬೇಕು, ಆದರೆ ಆ ಇಬ್ಬರ ಪಾಲಿಗೆ ಮಾತ್ರ ನಿಜವಾಗಿಯೂ ದೊಡ್ಡದಾಗಿರಬೇಕು. ನನ್ನ ಹೆಚ್ಚಿನ ಸಮಯ ಇದನ್ನು ಹುಡುಕುವುದರಲ್ಲೇ ಹೋಗುತ್ತದೆ. ಸಿಕ್ಕ ಮೇಲೆ ಬರವಣಿಗೆ ಸರಸರ ಓಡುತ್ತದೆ.

ನನಗೆ ಚೆನ್ನಾಗಿ ಒದಗಿಬಂದ ಅಡ್ಡಿ ನಮ್ಮ ಮಿಲ್ಲಿನ ಕಿಟಕಿಯ ಎದುರಿಗೇ ಇತ್ತು. ತೂಕದ ಕಾಟಾ. ಸುಗ್ಗಿಯಲ್ಲಿ ಕಾರಟಗಿ, ಸಿಂಧನೂರು ಕಡೆಯಿಂದ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಪ್ರತಿ ಗಾಡಿಯೂ ಎರಡು ಸಲ ಕಾಟಾ ಹತ್ತಬೇಕು. ಮೊದಲು ಭತ್ತ ತುಂಬಿದ ಗಾಡಿ. ಭತ್ತ ಇಳಿಸಿದ ಮೇಲೆ ಖಾಲಿ ಗಾಡಿ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿದದ್ದು ಭತ್ತ. ಲೆಕ್ಕದವಳಿಗೆ ಇದು ದಿನದ ಕೆಲಸ. ಕಥೆ ಬರೆಯುವವಳಿಗೆ ಇದು ಹಬ್ಬ. ಯಾಕೆಂದರೆ ಒಂದು ಗಾಡಿ ಬಂತೆಂದರೆ ಹುಡುಗ ಹುಡುಗಿ ಎರಡು ಸಲ ಮುಖ ನೋಡಲೇಬೇಕು, ನಡುವೆ ಹಮಾಲರು ಚೀಲ ಇಳಿಸುವ ತನಕ ಕಾಯಲೇಬೇಕು. ಭತ್ತ ಹಸಿ ಇದೆ ಅಂತ ವಾಪಸ್ ಕಳಿಸಿದರೆ? ಮನೆಗೆ ಹೋಗಿ ಬಿಸಿಲಿಗೆ ಹರವಿ, ಒಣಗಿಸಿ, ಮತ್ತೆ ಬರಬೇಕು. ಮತ್ತೆರಡು ಭೇಟಿ! ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವ ನೂರಕ್ಕೆ 17ರ ಒಳಗಿರಬೇಕು ಅಂತ ನಿಯಮ ಇದೆ. ವ್ಯಾಪಾರಿಗಳಾದರೆ ಕಾಳು ಹಲ್ಲಲ್ಲಿ ಕಡಿದೇ ಹೇಳಿಬಿಡುತ್ತಾರೆ.

ಹೀಗೆ ನನ್ನ ಹುಡುಗಿ ಕಾಟಾದ ಕೋಣೆಯಲ್ಲಿ ಕುಳಿತಳು. ಹುಡುಗ ಟ್ರ್ಯಾಕ್ಟರ್ ತಂದ. ತುಂಬಿದ ಗಾಡಿ ತೂಗುವಾಗ ಸೀಟಿನ ಮೇಲೆ ಹಾಯಾಗಿ ಕೂತೇ ಇದ್ದ. ಖಾಲಿ ಗಾಡಿ ತೂಗುವಾಗ ಇಳಿದುಬಿಟ್ಟರೆ ಅವನ ತೂಕವೂ ಭತ್ತದ ಲೆಕ್ಕಕ್ಕೆ ಸೇರುತ್ತದಲ್ಲ! ಅವಳು ಬಿಡುತ್ತಾಳೆಯೇ?

"ಇಳೀರಿ ಕೆಳಗ. ನಾನು ಭತ್ತ ತೂಗಾಕ ಕುಂತೀನಿ, ನಿಮ್ಮನ್ನ ಅಲ್ಲ."

"ನಂದೇನು ಭಾಳ ತೂಕ ಇಲ್ರಿ ಮೇಡಂ. ಎಪ್ಪತ್ತು ಕೆಜಿ."

"ಹತ್ರ ಹತ್ರ ಒಂದು ಚೀಲ ಆತ್ರಿ. ಇಳೀರಿ."

ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಬೇರೆ ಊರಿನವರಿಗೆ ಈ ಮಾತಿನ ಮಜಾ ಸ್ವಲ್ಪ ಕಡಿಮೆ ಹತ್ತಬಹುದು. ಇಲ್ಲಿನವರು ಓದಿ ಬಿದ್ದು ಬಿದ್ದು ನಕ್ಕರು. ಆ ಹುಡುಗನಿಗೆ ಕಥೆಯುದ್ದಕ್ಕೂ 'ಒಂದು ಚೀಲ' ಅಂತಲೇ ಅಡ್ಡಹೆಸರು ಬಿತ್ತು. ಹಮಾಲರೂ ಹಾಗೇ ಕರೆದರು.

ಅವನು ಪ್ರೀತಿಯಲ್ಲಿ ಬಿದ್ದ ಅಂತ ನಾನು ಎಲ್ಲೂ ಬರೆಯಲಿಲ್ಲ. ಬರೆದದ್ದು ಇಷ್ಟೇ: ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ದಿನ ತುಂಬಿದ ಗಾಡಿ ತೂಗುವಾಗ ತಾನಾಗಿಯೇ ಇಳಿದು ನಿಂತ. ಖಾಲಿ ಗಾಡಿ ತೂಗುವಾಗ ಅವಳ ಕಿಟಕಿ ಕಡೆಗೇ ನೋಡುತ್ತ ಮೇಲೆ ಕೂತೇ ಇದ್ದ. ಅಂದರೆ ತನ್ನ ಭತ್ತದಲ್ಲಿ ತಾನೇ ಎಪ್ಪತ್ತು ಕೆಜಿ ಕಳೆದುಕೊಳ್ಳುತ್ತಿದ್ದ. ಅವಳು ಚೀಟಿ ಹೊಡೆಯದೆ ತಲೆ ಹೊರಗೆ ಹಾಕಿ, "ಇಳೀರಿ, ನಿಮಗ ನೀವ ಲುಕ್ಸಾನ್ ಮಾಡ್ಕೊಳ್ಳಾಕತ್ತೀರಿ" ಅಂದಳು. ಓದುವವರಿಗೆ ಇಷ್ಟು ಸಾಕು. ಕಾಟಾದ ಲೆಕ್ಕ ಮೊದಲೇ ಗೊತ್ತಿರುವುದರಿಂದ ಅವನ ಮನಸ್ಸಿನ ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ. ಈ ಬಗೆಯ ಕಥೆಯ ರುಚಿ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ. ಪಾತ್ರಗಳಿಗಿಂತ ಒಂದು ಹೆಜ್ಜೆ ಮೊದಲೇ ಓದುಗರಿಗೆ ತಿಳಿದಿರುತ್ತದೆ. "ಅಯ್ಯ, ಹೇಳಿಬಿಡೋ ಮಾರಾಯ" ಅಂತ ಅವರು ಒದ್ದಾಡಬೇಕು.

ಕಾಲ ಬದಲಾದರೆ ಅಡ್ಡಿಯೂ ಬದಲಾಗುತ್ತದೆ. ಮೊದಲು ಬಸ್ಸಿನಲ್ಲಿ ಪ್ರೀತಿ ಶುರು ಮಾಡುವುದು ಸುಲಭವಿತ್ತು. ಕಂಡಕ್ಟರ್ ಹತ್ತಿರ ಚಿಲ್ಲರೆ ಇರುವುದಿಲ್ಲ. ಹುಡುಗ ಹುಡುಗಿ ಇಬ್ಬರಿಗೂ ಸೇರಿಸಿ ಒಂದೇ ನೋಟು ಕೊಟ್ಟು "ಇಳಿದು ಹಂಚಿಕೊಳ್ರಿ" ಅನ್ನುತ್ತಾನೆ. ಇಳಿದ ಮೇಲೆ ಚಿಲ್ಲರೆ ಮಾಡಿಸಲು ಚಹಾ ಅಂಗಡಿಗೆ ಹೋಗಲೇಬೇಕಲ್ಲ, ಅಲ್ಲಿಂದ ಕಥೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಪುಕ್ಕಟೆ. ನನ್ನ ಚಿಲ್ಲರೆ ಕಥೆ ಅಲ್ಲಿಗೆ ಖಲಾಸ್! ಬೇಜಾರಿಲ್ಲ ಬಿಡಿ, ಆ ಯೋಜನೆಯಿಂದಲೇ ನಾನೂ ದಿನಾ ಮಿಲ್ಲಿಗೆ ಬರುತ್ತೇನೆ. ಈಗ ನನ್ನ ಕಥೆಗಳಲ್ಲಿ ಹುಡುಗಿಯರು ಸೀಟು ಹಿಡಿದು ಕೂತಿರುತ್ತಾರೆ, ಹುಡುಗ ಕಾಸು ಕೊಟ್ಟು ನಿಂತಿರುತ್ತಾನೆ. ಅವನ ಬ್ಯಾಗು ಅವಳ ತೊಡೆ ಮೇಲೆ. ಅದರೊಳಗೆ ಅವನ ಅವ್ವ ಕಟ್ಟಿಕೊಟ್ಟ ಬುತ್ತಿ, ಎಣ್ಣೆ ಸೋರುವ ಬದನೆಕಾಯಿ ಪಲ್ಯ. ಅವಳ ಹೊಸ ಚೂಡಿದಾರ. ಇದೂ ಒಳ್ಳೆಯ ಜಗಳವೇ.

ದೊಡ್ಡ ಊರಿನ ಪ್ರೇಮಕಥೆಯಲ್ಲಿ ಇಬ್ಬರು ಕಾಫಿ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ಮಾತಾಡಬಹುದು. ನಮ್ಮಲ್ಲಿ ಆಗುವುದಿಲ್ಲ. ವಗ್ಗರಣಿ ಮಿರ್ಚಿ ತಿನ್ನಲು ಜೊತೆಗೆ ನಿಂತರೂ ಸಂಜೆಯೊಳಗೆ ಚಿಗವ್ವನಿಗೆ ಸುದ್ದಿ ಮುಟ್ಟಿರುತ್ತದೆ. ಬರೆಯುವವಳಿಗೆ ಇದು ಲಾಭ. ಇಬ್ಬರ ನಡುವೆ ಯಾವಾಗಲೂ ಮೂರನೆಯವರು ಒಬ್ಬರು ಇರುತ್ತಾರೆ. ನಗು ಬರುವುದು ಹೆಚ್ಚಾಗಿ ಅವರಿಂದಲೇ. ಕಿವಿ ಸರಿಯಾಗಿ ಕೇಳದ ಆಯಿ, ಕಾಸಿಗೆ ಬಾಯಿ ಮುಚ್ಚುವ ತಂಗಿ, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಸೋದರಮಾವ. ನನ್ನ ಕಾಟಾ ಕಥೆಯಲ್ಲಿ ಹಿರಿಯ ಹಮಾಲನೊಬ್ಬ ಬೇಕೆಂದೇ ಚೀಲ ನಿಧಾನವಾಗಿ ಇಳಿಸುತ್ತಿದ್ದ. ನಾಯಕನಿಗಿಂತ ಅವನಿಗೇ ಅಭಿಮಾನಿಗಳು ಜಾಸ್ತಿ.

ಕಥೆಯ ನಡುಭಾಗದಲ್ಲಿ ಒಂದು ಗಟ್ಟಿ 'ಇಲ್ಲ' ಇರಬೇಕು. ಇದನ್ನು ಜೇನ್ ಆಸ್ಟಿನ್ ಬರೆದ 'ಪ್ರೈಡ್ ಆ್ಯಂಡ್ ಪ್ರೆಜುಡೀಸ್' ನೋಡಿ ಕಲಿತೆ. 1813ರ ಪುಸ್ತಕ, 61 ಅಧ್ಯಾಯ. ನಾಯಕ ಮೊದಲ ಸಲ ಮದುವೆ ಕೇಳಿ ಬೈಸಿಕೊಳ್ಳುವುದು 34ನೆಯದರಲ್ಲಿ. ಅಲ್ಲಿಯ ತನಕ ಹತ್ತಿರ ಬಂದದ್ದೆಲ್ಲ ಒಂದೇ ಏಟಿಗೆ ದೂರ ಹೋಗುತ್ತದೆ. ಆಮೇಲೆ ಇಬ್ಬರೂ ಸ್ವಲ್ಪ ಸ್ವಲ್ಪ ಬದಲಾಗಿ ಮತ್ತೆ ಬರಬೇಕು. ನಾನೂ ಅರ್ಧ ದಾಟಿದ ಮೇಲೆಯೇ ಜಗಳ ಇಡುತ್ತೇನೆ. ಆ ಜಗಳದಲ್ಲಿ ಇಬ್ಬರ ಕಡೆಗೂ ಒಂದಿಷ್ಟು ನ್ಯಾಯ ಇರಬೇಕು. ಸುಮ್ನೆ ಯಾರೋ ಚಾಡಿ ಹೇಳಿದರು, ಇವಳು ನಂಬಿದಳು ಅಂದರೆ ನನಗೆ ಆಗುವುದಿಲ್ಲ. ಫೋನ್ ಮಾಡಿ ಕೇಳಿದರೆ ಮುಗಿಯುವ ಅಪಾರ್ಥಕ್ಕೆ ಹತ್ತು ಕಂತು ಎಳೆಯುವುದು ಓದುಗರಿಗೆ ಮೋಸ.

ನನಗೆ ಸೇರದ್ದು ಇನ್ನೊಂದಿದೆ. ಈಗ ಮೊಬೈಲಿನಲ್ಲಿ ಬರುವ ಎಷ್ಟೋ ಕಥೆಗಳಲ್ಲಿ ನಾಯಕ ಬೆಂಗಳೂರಿನ ಗಾಜಿನ ಕಟ್ಟಡದ ಮಾಲೀಕ. ಸಿಡುಕ. ಹುಡುಗಿಯ ಕೈ ಹಿಡಿದು ಎಳೆಯುತ್ತಾನೆ, ಹೆದರಿಸುತ್ತಾನೆ, ಅದೇ ಪ್ರೀತಿ ಅಂತೆ. ಓದುವವರು ಬಹಳ ಇದ್ದಾರೆ, ಇರಲಿ. ನನ್ನ ಕಥೆಯಲ್ಲಿ ಅಂಥವನಿಗೆ ಜಾಗ ಇಲ್ಲ. ನನ್ನ ನಾಯಕರಿಗೆ ಬೈಸಿಕೊಳ್ಳಲು ಬರಬೇಕು. ಅದು ಬರದವನನ್ನು ನಂಬಿ ನಗುವುದು ಹೇಗೆ?

ಓದಿನ ರುಚಿ ಹತ್ತಿದ್ದು ಅವ್ವನಿಂದ. 1965ರಲ್ಲಿ ಶುರುವಾದ ಸುಧಾ, 1983ರಲ್ಲಿ ಬಂದ ತರಂಗ, ಇವುಗಳ ಧಾರಾವಾಹಿ ಪುಟಗಳನ್ನು ಬಿಡಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿ ಇಡುತ್ತಿದ್ದಳು. ಓಣಿಯವರೆಲ್ಲ ಒಯ್ದು ಓದುತ್ತಿದ್ದರು. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಆ್ಯಂಡ್ ಬೂನ್ ಕೂಡ ಮೊದಲು ಎಲ್ಲ ಥರದ ಪುಸ್ತಕ ಮಾಡುತ್ತಿತ್ತು. 1930ರ ದಶಕದಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಹೆಂಗಸರು ಪ್ರೇಮಕಥೆಯನ್ನೇ ಕೇಳಿ ಒಯ್ಯುವುದು ನೋಡಿ ಅದೇ ದಾರಿ ಹಿಡಿಯಿತು. ಬಾಡಿಗೆ ಕೊಡದೆ ಒಯ್ಯುವುದೊಂದೇ ನಮ್ಮ ಓಣಿಯ ವಿಶೇಷ.

ಹೊಸದಾಗಿ ಓದುವವರು ಕೇಳಿದರೆ ನಾನು ಹೇಳುವುದು: ಮುಗಿದ ಕಥೆ ಹಿಡಿಯಿರಿ, ಚಿಕ್ಕದು. ಮುಗಿಯದ ಮುನ್ನೂರು ಕಂತಿನದಕ್ಕೆ ಕೈ ಹಾಕಬೇಡಿ. ಇಬ್ಬರೂ ಮೊದಲ ಸಲ ಎದುರಾಗುವ ಭಾಗ ಓದಿ. ತುಟಿಯಲ್ಲಿ ಸ್ವಲ್ಪವೂ ನಗು ಬರಲಿಲ್ಲವೇ, ಅಲ್ಲೇ ಬಿಡಿ, ಮುಂದೆ ಬರುವುದಿಲ್ಲ. ಜಗಳದಿಂದ ಶುರುವಾಗುವುದು ಕೆಲವರಿಗೆ ಇಷ್ಟ. ಮೊದಲು ಮದುವೆ ಆಗಿ ಆಮೇಲೆ ಪ್ರೀತಿ ಹುಟ್ಟುವುದು ನಮ್ಮ ಕಡೆ ಮದುವೆಯಾದ ಹೆಂಗಸರಿಗೆ ಭಾರಿ ಇಷ್ಟ. ಯಾಕೆ ಅಂತ ನಾನು ಕೇಳುವುದಿಲ್ಲ. ಹಳೆಯ ಓದುಗರಿಗೆ ಇದೆಲ್ಲ ಬಾಯಿಪಾಠ. ಎರಡನೇ ಕಂತಿಗೇ "ಇದು ಸುಳ್ಳು ನಿಶ್ಚಿತಾರ್ಥದ ಕಥಿ ಹೌದಲ್ರಿ?" ಅಂತ ಹಿಡಿದುಬಿಡುತ್ತಾರೆ. ಹಿಡಿದರೂ ಬಿಡದೆ ಓದುತ್ತಾರೆ.

ಈಗ ಬರೆಯುತ್ತಿರುವುದು ಕೊಪ್ಪಳದ ಗವಿಮಠದ ಜಾತ್ರೆಯ ಕಥೆ. ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಜೋಳದ ರೊಟ್ಟಿ ಬರುತ್ತದೆ. ಹುಡುಗಿ ಒಂದು ಹಳ್ಳಿಯ ರೊಟ್ಟಿ ಗಾಡಿಯ ಜೊತೆ, ಹುಡುಗ ರೊಟ್ಟಿ ಇಳಿಸಿಕೊಳ್ಳುವ ಕಡೆ. ಅವಳ ರೊಟ್ಟಿ ದಪ್ಪ ಅಂತ ಅವನು ಬಾಯಿ ತಪ್ಪಿ ಅಂದುಬಿಟ್ಟಿದ್ದಾನೆ. ಇಡೀ ಊರೇ ಅವನ ಮೇಲೆ ಸಿಟ್ಟಾಗಿದೆ. ಇಲ್ಲಿಯ ತನಕ ಸಲೀಸಾಗಿ ಬಂದಿದೆ. ಜಾತ್ರೆ ಮುಗಿದ ಮೇಲೆ ಇಬ್ಬರೂ ಮತ್ತೆ ಸೇರಲು ಒಂದು ನೆಪ ಬೇಕು. ಕಾಟಾದಂಥದ್ದು, ಎರಡೆರಡು ಸಲ ಬರಲೇಬೇಕಾದಂಥದ್ದು. ಸದ್ಯಕ್ಕೆ ಅವಳ ಊರಿನ ರೊಟ್ಟಿ ಬುಟ್ಟಿಯೊಂದನ್ನು ಅವನ ಹತ್ತಿರವೇ ಬಿಟ್ಟು ಕಳಿಸಿದ್ದೇನೆ.