ಲಾಗಿನ್ ಆಗದ ಮಿಂಟ್, ಫಾರ್ಮ್ಯಾಟ್ ಹೊಡೆಯದೆ ಸರಿಯಾದದ್ದು

ಮಲ್ಪೆಯ ಮೀನಿನ ಮಂಡಿಯೊಂದರ ಬಿಲ್ಲಿಂಗ್ ಪಿಸಿ. ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಲಾಗಿನ್ ಪರದೆ ತೋರಿಸುವುದು ಲೈಟ್‌ಡಿಎಂ. ಪಾಸ್‌ವರ್ಡ್ ಹೊಡೆದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಮೊದಲು ನೋಡಿದ ಅಂಗಡಿಯವರು ಹೊಸ ಎಸ್‌ಎಸ್‌ಡಿ, ವಿಂಡೋಸ್ ಎಲ್ಲ ಸೇರಿ ಐದು ಸಾವಿರದ ಹತ್ತಿರ ಹೇಳಿದ್ದರಂತೆ. ಫಾರ್ಮ್ಯಾಟ್ ಬೇಡ ಎಂದೆ. ಧಣಿಗಳಿಗೆ ನಂಬಿಕೆ ಬರಲಿಲ್ಲ. "ಆಗದಿದ್ರೆ ದುಡ್ಡು ಕೊಡ್ಲಿಕ್ಕಿಲ್ಲ ಮಾರಾಯ್ರೆ."

ಕಂಟ್ರೋಲ್-ಆಲ್ಟ್-ಎಫ್3 ಒತ್ತಿದರೆ ಟಿಟಿವೈಯಲ್ಲಿ, ಅಂದರೆ ಬರೀ ಅಕ್ಷರದ ಕಪ್ಪು ಪರದೆಯಲ್ಲಿ, ಸಲೀಸಾಗಿ ಲಾಗಿನ್. ಡೆಸ್ಕ್‌ಟಾಪ್ ತೆರೆಯಲು ಅನುಮತಿ ಕೊಡುವ ಎಕ್ಸ್‌ಅಥಾರಿಟಿ ಫೈಲು ರೂಟ್ (ಅಡ್ಮಿನ್) ಹೆಸರಿಗೆ ಹೋಗಿರಬೇಕೆಂದು ನೋಡಿದೆ, ಹೋಗಿರಲಿಲ್ಲ. ಆದರೂ ಅಳಿಸಿದೆ. ಡೆಸ್ಕ್‌ಟಾಪ್ ಬಂತು, ಚಹಾವೂ ಬಂತು. ಮರುದಿನ ಬೆಳಿಗ್ಗೆ ಫೋನ್: ಪುನಃ ಅದೇ. ಟೆಂಪ್ ಫೋಲ್ಡರಿನ ಪರ್ಮಿಷನ್ 1777 (ಎಲ್ಲರೂ ಬರೆಯಬಹುದು), ಸರಿಯೇ ಉಂಟು. ಮಿಂಟಿನ ಡೆಸ್ಕ್‌ಟಾಪ್ ಸಿನಮನ್ನಿನ ಸೆಟ್ಟಿಂಗ್ ತೆಗೆದೆ, ಡ್ರೈವರ್ ಬದಲಿಸಿದೆ, ಎಂತದ್ದೂ ಆಗಲಿಲ್ಲ. ಪೆಟ್ರೋಲೇ ಮುನ್ನೂರು ದಾಟಿತು.

ಕೊನೆಗೆ ಟಿಟಿವೈಯಲ್ಲಿ ಸುಮ್ಮನೆ ಒಂದು ಖಾಲಿ ಫೈಲು ಟಚ್ ಮಾಡಿದರೆ 'ಡಿಸ್ಕಿನಲ್ಲಿ ಜಾಗವಿಲ್ಲ' ಎಂದಿತು. ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದು ನೋಡಿದರೆ ಏಳೆಂಟು ಜಿಬಿ ಖಾಲಿ! ಅದನ್ನೇ ಐ ಹಾಕಿ ಹೊಡೆದೆ. ಇನೋಡ್, ಅಂದರೆ ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆ, 100 ಪರ್ಸೆಂಟ್ ಖರ್ಚಾಗಿತ್ತು. ಅನ್ನ ಬೇಕಾದಷ್ಟಿದೆ, ಬಾಳೆಲೆ ಮುಗಿದಿದೆ. ಮೊದಲ ದಿನ ಎಕ್ಸ್‌ಅಥಾರಿಟಿ ಫೈಲು ಅಳಿಸಿದಾಗ ಒಂದು ಎಲೆ ಸಿಕ್ಕಿತ್ತು, ಅಷ್ಟೇ. ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ ಇಪ್ಪತ್ತು ಜಿಬಿ, ಅದರಲ್ಲಿ ಫೈಲು ಜೋಡಿಸುವ ಇಎಕ್ಸ್‌ಟಿ4 ಪದ್ಧತಿ ತಾನಾಗಿ 16 ಕೆಬಿಗೆ ಒಂದರಂತೆ ಕೊಡುವುದು ಹದಿಮೂರು ಲಕ್ಷ ಚಿಲ್ಲರೆ ಇನೋಡ್.

ತಿಂದದ್ದು ಯಾರು? ದರದ ಬೋರ್ಡು. ಗೋಡೆಯ ಟಿವಿಗೆ ಬಂಗುಡೆ, ಅಂಜಲ್ ದರ ತೋರಿಸಲು ಒಂದು ಸ್ಕ್ರಿಪ್ಟ್ ಐದು ಸೆಕೆಂಡಿಗೊಮ್ಮೆ ಪಿಎಚ್‌ಪಿ ಬಿಲ್ಲಿಂಗನ್ನು ಕೇಳುತ್ತದೆ. ಕುಕಿ (ಗುರುತಿನ ಚೀಟಿ) ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಬಿಲ್ಲಿಂಗಿಗೆ ಪ್ರತಿಸಲವೂ ಹೊಸಬರು ಬಂದಂತೆ, ಪ್ರತಿಸಲ ಹೊಸ ಸೆಷನ್ ಫೈಲು. ಬರೆದವರು ಸೆಷನ್ ಜಾಗವನ್ನು ಕೋಡಿನೊಳಗೇ ಬೇರೆ ಫೋಲ್ಡರಿಗೆ ತಿರುಗಿಸಿದ್ದರಿಂದ ಸಿಸ್ಟಮ್ಮಿನ ಗುಡಿಸುವ ಕೆಲಸ ಅಲ್ಲಿಗೆ ತಲುಪುವುದಿಲ್ಲ. ಸಿಸಿ ಕ್ಯಾಮೆರಾ ಇದರಲ್ಲೇ ಓಡುವುದರಿಂದ ಪಿಸಿ ಆಫ್ ಮಾಡಿರಲಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧ, ಒಂದು ಮೀನಿಲ್ಲ, ಬೋರ್ಡು ಮಾತ್ರ ಹಗಲೂ ರಾತ್ರಿ ದರ ಕೇಳುತ್ತಲೇ ಇತ್ತು. ದಿನಕ್ಕೆ ಹದಿನೇಳು ಸಾವಿರ ಫೈಲಿನಂತೆ ಲೆಕ್ಕ ಹಾಕಿ. ಬೋಟು ಇಳಿಯುವ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು.

ಆ ಸೆಷನ್ ಫೈಲುಗಳನ್ನು ಒಟ್ಟಿಗೆ ಅಳಿಸಲು ಆರ್‌ಎಂ ಕಮಾಂಡಿನ ಜೊತೆ ನಕ್ಷತ್ರ ಹಾಕಿದರೆ 'ಪಟ್ಟಿ ಉದ್ದವಾಯಿತು' ಎಂದು ಮುಷ್ಕರ. ಹುಡುಕುವ ಫೈಂಡ್ ಕಮಾಂಡಿಗೆ ಡಿಲೀಟ್ ಸೇರಿಸಿ ಬಿಟ್ಟೆ, ಹಳೇ ಹಾರ್ಡ್‌ಡಿಸ್ಕ್, ಮುಕ್ಕಾಲು ಗಂಟೆ ಹಿಡಿಯಿತು. ರೀಸ್ಟಾರ್ಟ್, ಲಾಗಿನ್, ಬಿಲ್ಲು. ಸಾವಿರದ ಇನ್ನೂರು ಕೇಳಿದೆ, ಧಣಿಗಳು ಒಂದೂವರೆ ಕೊಟ್ಟು ಒಂದು ಕಟ್ಟು ಬಂಗುಡೆಯನ್ನೂ ಹಾಕಿಸಿದರು.

ಮನೆಯಲ್ಲಿ ಇಎಕ್ಸ್‌ಟಿ4 ಬದಲು ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಪದ್ಧತಿ ಹಾಕಿಯೂ ನೋಡಿದೆ. ಇನೋಡನ್ನು ಬೇಕಾದಂತೆ ಹುಟ್ಟಿಸಿಕೊಳ್ಳುತ್ತದೆ, ಆದರೆ ಪಾರ್ಟಿಷನ್ ಕುಗ್ಗಿಸಬೇಕೆಂದರೆ ತಾಪತ್ರಯ. ಮಂಡಿಗೆ ಇಎಕ್ಸ್‌ಟಿ4 ಸಾಕು. ಬೋರ್ಡಿನ ಸ್ಕ್ರಿಪ್ಟಿಗೆ ಕುಕಿ ಕೊಟ್ಟೆ, ರಾತ್ರಿ ಗುಡಿಸಲು ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಇಟ್ಟೆ. ಇನೋಡ್ ತೊಂಬತ್ತು ದಾಟಿದರೆ ನನ್ನ ಮೊಬೈಲಿಗೆ ಸುದ್ದಿ ಬರುವ ವ್ಯವಸ್ಥೆಯೂ ಉಂಟು. ಅದನ್ನು ಹೇಗೆ ಮಾಡಿದ್ದೆಂದು ಇಲ್ಲಿ ಬರೆಯುವುದಿಲ್ಲ, ವರ್ಷದ ಎಎಂಸಿ (ನಿರ್ವಹಣೆಯ ಕರಾರು) ಸಿಕ್ಕಿದ್ದೇ ಅದರಿಂದ.