ದರಪಟ್ಟಿಯ ಸಾಲು ನಿಮಗೆ ಬೇಕಾದ ಹಾಗೆ ನಿಲ್ಲಿಸುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಅಂಗಡಿಗಳ ದರದ ಬೋರ್ಡಿಗೆ ಒಂದು ಕ್ರಮ ಇರುತ್ತದೆ. ಮೇಲೆ ಹೊಸ ಚಾಲಿ, ಹಳೆ ಚಾಲಿ. ಆಮೇಲೆ ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು. ಇವೆಲ್ಲ ಅಡಿಕೆಯದ್ದೇ ಬಗೆಗಳು. ಅದರ ಕೆಳಗೆ ಕಾಳುಮೆಣಸು, ಗೇರುಬೀಜ. ಜಾಸ್ತಿ ಜನ ಏನನ್ನು ಕೇಳುತ್ತಾರೋ ಅದು ಮೇಲೆ, ಅಷ್ಟೆ. ಈ ಕ್ರಮವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಅದು ಅಂಗಡಿಯವರ ತಲೆಯಲ್ಲಿದೆ.

ಈ ಪಟ್ಟಿಯನ್ನೇ ಒಂದು ವೆಬ್‌ಸೈಟಿಗೆ ಹಾಕಿ ನೋಡಿ. ಅಕಾರಾದಿಯಾಗಿ ಜೋಡಿಸಿದರೆ ಉಳ್ಳಿಗಡ್ಡೆ ಮೊದಲು ಬರುತ್ತದೆ. ಆಮೇಲೆ ಕರಿಗೋಟು, ಕಾಳುಮೆಣಸು, ಕೋಕ, ಗೇರುಬೀಜ, ಪಟೋರ, ಹಳೆ ಚಾಲಿ. ಎಲ್ಲರೂ ಕೇಳುವ ಹೊಸ ಚಾಲಿ ಕೊನೆಗೆ! ದರದ ಪ್ರಕಾರ ಜೋಡಿಸಿದರೆ ಕಾಳುಮೆಣಸು ಅಡಿಕೆಯ ತಲೆ ಮೇಲೆ ಹತ್ತಿ ಕೂರುತ್ತದೆ. ಸಾಲದ್ದಕ್ಕೆ ದರ ಏರಿಳಿದ ಹಾಗೆಲ್ಲ ಪಟ್ಟಿಯೂ ಮೇಲೆ ಕೆಳಗೆ ಆಗುತ್ತದೆ. ಸೇರಿಸಿದ ತಾರೀಕಿನ ಪ್ರಕಾರ ಅಂದರೆ, ಮರೆತು ಕೊನೆಗೆ ಸೇರಿಸಿದ ಸರಕು ಎಂದೆಂದಿಗೂ ಕೊನೆಯಲ್ಲೇ.

ಕಾಸರಗೋಡಿನಲ್ಲಿ ಇನ್ನೊಂದು ತಾಪತ್ರಯ ಇದೆ. ಪುಟ ಕನ್ನಡದಲ್ಲೂ ಬೇಕು, ಮಲಯಾಳದಲ್ಲೂ ಬೇಕು. ಕನ್ನಡದ ಅಕಾರಾದಿಯಲ್ಲಿ ಕಾಳುಮೆಣಸು ಮೊದಲು, ಗೇರುಬೀಜ ಆಮೇಲೆ. ಮಲಯಾಳದಲ್ಲಿ ಗೇರುಬೀಜ ಕಶುವಂಡಿ, ಕಾಳುಮೆಣಸು ಕುರುಮುಳಕು. ಅಲ್ಲಿ ಕಶುವಂಡಿಯೇ ಮೊದಲು. ಒಂದೇ ಅಂಗಡಿ, ಎರಡು ಸಾಲು. ಹಾಗಾಗಿ ಹೆಸರನ್ನು ನಂಬಿ ಪ್ರಯೋಜನ ಇಲ್ಲ. ಕ್ರಮವನ್ನೇ ಒಂದು ಮಾಹಿತಿ ಅಂತ ಡೇಟಾಬೇಸಿನಲ್ಲಿ ಬರೆದಿಡಬೇಕು.

ಡೇಟಾಬೇಸಿಗೆ ಸಾಲಿನ ನೆನಪಿಲ್ಲ

"ನಾನು ಸೇರಿಸಿದ ಹಾಗೇ ಬರ್ತಾ ಇದೆಯಲ್ಲ, ಮತ್ತೇನು?" ಅಂತ ಕೆಲವರಿಗೆ ಅನ್ನಿಸುತ್ತದೆ. ಬರುತ್ತದೆ, ಸ್ವಲ್ಪ ದಿನ. ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಡೇಟಾಬೇಸಿನ ಕಲ್ಪನೆಯನ್ನು 1970ರಲ್ಲಿ ಮುಂದಿಟ್ಟ ಎಡ್ಗರ್ ಕಾಡ್, ಮಾಹಿತಿ ಯಾವ ಸಾಲಿನಲ್ಲಿ ಕೂತಿದೆ ಎಂಬುದನ್ನು ಪ್ರೋಗ್ರಾಮ್ ನೆಚ್ಚಿಕೊಳ್ಳಬಾರದು ಅಂತ ಆಗಲೇ ಹೇಳಿದ್ದರು. ಟೇಬಲ್ ಅಂದರೆ ಒಂದು ಗುಂಪು, ಸರತಿ ಸಾಲಲ್ಲ. ‘ಆರ್ಡರ್ ಬೈ’, ಅಂದರೆ ಇಂಥ ಕ್ರಮದಲ್ಲಿ ಕೊಡು, ಅಂತ ಕೇಳದೆ ಹೋದರೆ ಯಾವ ಕ್ರಮದಲ್ಲಿ ಬೇಕಾದರೂ ಉತ್ತರ ಕೊಡುವ ಸ್ವಾತಂತ್ರ್ಯ ಡೇಟಾಬೇಸಿಗಿದೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಇದು ಬೇಗ ಗೊತ್ತಾಗುತ್ತದೆ. ಅದು ಒಂದು ದಾಖಲೆಯನ್ನು ತಿದ್ದುವಾಗ ಹಳೆಯದರ ಮೇಲೆಯೇ ಬರೆಯುವುದಿಲ್ಲ. ಹೊಸ ಪ್ರತಿಯೊಂದನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಬೆಳಿಗ್ಗೆ ಹೊಸ ಚಾಲಿಯ ದರ ಬದಲಿಸಿದಿರಿ ಅನ್ನಿ. ಆ ಸಾಲು ಪಟ್ಟಿಯ ಕೊನೆಗೆ ಹೋಗಿ ನಿಲ್ಲಬಹುದು. "ದರ ಬದಲಿಸಿದ್ದು ಮಾತ್ರ ಮಾರಾಯ್ರೆ, ಹೊಸ ಚಾಲಿ ಅಡಿಗೆ ಹೋಯ್ತು" ಅಂತ ಅಂಗಡಿಯಿಂದ ಫೋನ್ ಬರುವುದು ಆಗಲೇ.

ಮೊದಲು ಒಂದು ಕಾಲಂ

ಸರಕಿನ ಟೇಬಲ್ಲಿಗೆ ‘ಪೊಸಿಷನ್’ ಅಂತ ಒಂದು ಕಾಲಂ ಸೇರಿಸಿ. ‘ಆರ್ಡರ್’ ಅಂತ ಮಾತ್ರ ಹೆಸರಿಡಬೇಡಿ. ಅದು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್‌ನ ಸ್ವಂತ ಪದ, ಪ್ರತಿ ಸಲ ಉದ್ಧರಣ ಚಿಹ್ನೆ ಹಾಕುತ್ತಾ ಕೂರಬೇಕಾಗುತ್ತದೆ. ಕಾಲಮ್ಮಿನ ಬಗೆ ಪೂರ್ಣಾಂಕ, ಅಂದರೆ ಇಂಟಿಜರ್ ಇರಲಿ. ಟೆಕ್ಸ್ಟ್ ಆಗಿ ಇಟ್ಟರೆ 10 ಬಂದು 2ರ ಮೊದಲು ನಿಲ್ಲುತ್ತದೆ, ಯಾಕೆಂದರೆ ಅದು ಅಕ್ಷರ ನೋಡುತ್ತದೆ, ಅಂಕಿಯ ಮೌಲ್ಯ ನೋಡುವುದಿಲ್ಲ.

ಆಮೇಲೆ ಈಗಾಗಲೇ ಇರುವ ದಾಖಲೆಗಳಿಗೆ ಅಂಕಿ ತುಂಬಿಸಿ. ಇದನ್ನು ಬಿಟ್ಟವರು ಜಾಸ್ತಿ. ತುಂಬಿಸದೆ ಬಿಟ್ಟ ಜಾಗದಲ್ಲಿ ‘ನಲ್’, ಅಂದರೆ ಏನೂ ಇಲ್ಲ ಎಂಬ ಗುರುತು ಇರುತ್ತದೆ. ಅದನ್ನು ಪೋಸ್ಟ್‌ಗ್ರೆಸ್ ಏರಿಕೆ ಕ್ರಮದಲ್ಲಿ ಕೊನೆಗೆ ಹಾಕಿದರೆ ಮೈಎಸ್‌ಕ್ಯುಎಲ್ ಮತ್ತು ಎಸ್‌ಕ್ಯುಲೈಟ್ ಮೊದಲಿಗೆ ಹಾಕುತ್ತವೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಡೇಟಾಬೇಸು, ಸರ್ವರ್‌ನಲ್ಲಿ ಇನ್ನೊಂದು ಇದ್ದರೆ ತಲೆ ಕೆರೆದುಕೊಳ್ಳುವುದೇ ಕೆಲಸ. ಪಟ್ಟಿ ಚಿಕ್ಕದಾಗಿದ್ದರೆ ಅಂಗಡಿಯವರ ಹತ್ತಿರವೇ ಕೇಳಿ ಕೈಯಾರೆ ತುಂಬಿಸಿ. ದೊಡ್ಡದಾದರೆ ಸಾಲುಗಳಿಗೆ ತಾನೇ 1, 2, 3 ಅಂತ ಅಂಕಿ ಹಾಕುವ ‘ರೋ ನಂಬರ್’ ಎಂಬ ವಿಂಡೋ ಫಂಕ್ಷನ್ ಇದೆ. ಮೈಎಸ್‌ಕ್ಯುಎಲ್‌ಗೆ ಅದು ಬಂದದ್ದು 2018ರ 8.0 ಆವೃತ್ತಿಯಲ್ಲಿ. ಎಲ್ಲ ತುಂಬಿದ ಮೇಲೆ ‘ನಾಟ್ ನಲ್’ ಅಂತ ಬೀಗ ಹಾಕಿ.

ಓದುವಾಗ ಎರಡು ಕಾಲಂ ಕೊಟ್ಟು ಕೇಳಿ: ಮೊದಲು ಪೊಸಿಷನ್, ಆಮೇಲೆ ಐಡಿ (ಪ್ರತಿ ದಾಖಲೆಯ ಗುರುತಿನ ಅಂಕಿ). ಎಲ್ಲೋ ಎರಡು ದಾಖಲೆಗಳಿಗೆ ಒಂದೇ ಅಂಕಿ ಬಿದ್ದರೂ ಪುಟ ತೆರೆದ ಹಾಗೆಲ್ಲ ಅವು ಜಾಗ ಬದಲಿಸುವುದಿಲ್ಲ. ಮುಖಪುಟ, ಅಡ್ಮಿನ್ ಪುಟ, ಪ್ರಿಂಟ್ ತೆಗೆಯುವ ಪುಟ, ಎಲ್ಲ ಕಡೆಯೂ ಇದೇ ಕ್ರಮ ಇರಲಿ.

ಜಾಗ ಬದಲಿಸುವ ಲೆಕ್ಕ

ನಿಜವಾದ ಕೆಲಸ ಇರುವುದು ಇಲ್ಲಿ. ಕಾಳುಮೆಣಸಿನ ಕಾಲ ಬಂತು, ಅದನ್ನು ಏಳನೇ ಜಾಗದಿಂದ ಮೂರಕ್ಕೆ ತರಬೇಕು. ದಾರಿ ಹಲವು.

ಎಂಟು, ಹತ್ತು, ಐವತ್ತು ಸಾಲಿನ ಪಟ್ಟಿಗೆ ನಾನು ಹೇಳುವುದು ಒಂದೇ: ಇಡೀ ಪಟ್ಟಿಗೆ ಹೊಸದಾಗಿ ಅಂಕಿ ಹಾಕಿ. ಬ್ರೌಸರ್ ಹೊಸ ಕ್ರಮದಲ್ಲಿ ಎಲ್ಲ ಐಡಿಗಳನ್ನೂ ಕಳಿಸುತ್ತದೆ. ಸರ್ವರ್ ಅವನ್ನು ಒಂದೊಂದಾಗಿ ತೆಗೆದುಕೊಂಡು 1, 2, 3 ಅಂತ ಬರೆಯುತ್ತದೆ. ಎಲ್ಲ ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಆಗಬೇಕು, ಅಂದರೆ ಆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಅರ್ಧದಲ್ಲಿ ಕರೆಂಟು ಹೋದರೆ ಅರ್ಧ ಹಳೆ ಅಂಕಿ, ಅರ್ಧ ಹೊಸ ಅಂಕಿ ಉಳಿಯಬಾರದಲ್ಲ. ಬುದ್ಧಿವಂತಿಕೆ ಏನೂ ಇಲ್ಲದ ವಿಧಾನ ಇದು. ತಪ್ಪಿದರೆ ಹುಡುಕುವುದೂ ಸುಲಭ. ಬಂದ ಐಡಿಗಳೂ ಟೇಬಲ್ಲಿನಲ್ಲಿರುವ ಐಡಿಗಳೂ ಸರಿಯಾಗಿ ಹೊಂದುತ್ತವೆಯೇ ಎಂದು ಮಾತ್ರ ಮೊದಲೇ ನೋಡಿ. ನಡುವೆ ಬೇರೆ ಯಾರೋ ರಬ್ಬರ್ ಅಂತ ಹೊಸ ಸರಕು ಸೇರಿಸಿದ್ದರೆ ಅದು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಿದ್ದರೆ "ಪಟ್ಟಿ ಬದಲಾಗಿದೆ, ಪುಟವನ್ನು ಮತ್ತೊಮ್ಮೆ ತೆರೆಯಿರಿ" ಅಂತ ಹೇಳಿಬಿಡಿ. ಬಂದ ಐಡಿ ಆ ಅಂಗಡಿಯದ್ದೇ ಹೌದೋ ಅಲ್ಲವೋ ಎಂಬುದನ್ನೂ ಸರ್ವರ್ ನೋಡಬೇಕು. ಬ್ರೌಸರ್ ಕಳಿಸಿದ್ದನ್ನೆಲ್ಲ ನಂಬುವ ಹಾಗಿಲ್ಲ.

ಎರಡನೆಯದು ಸರಿಸುವ ದಾರಿ. ಏಳರಿಂದ ಮೂರಕ್ಕೆ ತರುವಾಗ 3ರಿಂದ 6ರವರೆಗಿನ ಸಾಲುಗಳಿಗೆ ಒಂದೊಂದು ಕೂಡಿಸಿ, ಆಮೇಲೆ ಕಾಳುಮೆಣಸಿಗೆ 3 ಕೊಡುವುದು. ಎರಡರಿಂದ ಐದಕ್ಕೆ ಇಳಿಸುವಾಗ 3ರಿಂದ 5ರವರೆಗೆ ಒಂದೊಂದು ಕಳೆಯುವುದು. ಲೆಕ್ಕ ಸುಲಭ. ಆದರೆ ‘ಒಂದೇ ಅಂಕಿ ಇಬ್ಬರಿಗೆ ಇರಬಾರದು’ ಅಂತ ಯೂನೀಕ್ ನಿರ್ಬಂಧ ಹಾಕಿದ್ದರೆ ಇಲ್ಲಿ ಎಡವುತ್ತೀರಿ. ಮೂರನ್ನು ನಾಲ್ಕು ಮಾಡಲು ಹೋದಾಗ ಅಲ್ಲಿ ಇನ್ನೂ ಹಳೆಯ ನಾಲ್ಕು ಕೂತಿರುತ್ತದೆ. ಒಂದೇ ಆಜ್ಞೆಯಲ್ಲಿ ಎಲ್ಲ ಬದಲಾದರೂ ಡೇಟಾಬೇಸು ಸಾಲು ಸಾಲಾಗಿ ಪರೀಕ್ಷೆ ಮಾಡಿ ತಕರಾರು ತೆಗೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ನಿರ್ಬಂಧವನ್ನು ‘ಡಿಫರಬಲ್’ ಮಾಡಿ, ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ಕಾಳುಮೆಣಸನ್ನು ಮೊದಲು ಸೊನ್ನೆಗೋ ಋಣ ಅಂಕಿಗೋ ಕಳಿಸಿ ಏಳನೇ ಜಾಗ ಖಾಲಿ ಮಾಡಿ. ಆಮೇಲೆ ಕೆಳಗಿನಿಂದ ಮೇಲಕ್ಕೆ, ಅಂದರೆ ದೊಡ್ಡ ಅಂಕಿಯಿಂದ ಶುರುಮಾಡಿ ಕೂಡಿಸುತ್ತಾ ಬನ್ನಿ. ಅಪ್‌ಡೇಟ್ ಆಜ್ಞೆಗೂ ಆರ್ಡರ್ ಬೈ ಕೊಡಲು ಮೈಎಸ್‌ಕ್ಯುಎಲ್ ಬಿಡುತ್ತದೆ.

ಮೂರನೆಯದು ನಡುವೆ ಜಾಗ ಬಿಡುವ ಉಪಾಯ. 1, 2, 3 ಬದಲು 10, 20, 30. ಹಿಂದೆ ಬೇಸಿಕ್ ಭಾಷೆ ಕಲಿತವರು ಸಾಲುಗಳಿಗೆ ಹೀಗೇ ಅಂಕಿ ಹಾಕುತ್ತಿದ್ದರು, ನೆನಪಿರಬಹುದು. 20ರ ಹಳೆ ಚಾಲಿಗೂ 30ರ ಪಟೋರಕ್ಕೂ ನಡುವೆ ಕಾಳುಮೆಣಸು ಬೇಕೇ? ಅದಕ್ಕೆ 25 ಕೊಡಿ, ಬೇರೆ ಯಾವುದನ್ನೂ ಮುಟ್ಟಬೇಕಿಲ್ಲ. ಹಳೆ ಚಾಲಿಯ ಕೆಳಗೇ ಇನ್ನೊಂದು ಬಂತು, 22. ಮತ್ತೊಂದು ಬಂತು, 21. ಇನ್ನೊಂದು ಬಂದರೆ ಜಾಗ ಇಲ್ಲ. ಆಗ ಇಡೀ ಪಟ್ಟಿಗೆ ಮತ್ತೆ 10, 20, 30 ಹಾಕಬೇಕು. ಸಾವಿರ ಬಿಟ್ಟು ಸಾವಿರ ಇಟ್ಟರೂ ಒಂದೇ ಕಡೆ ಅರ್ಧ ಅರ್ಧ ಮಾಡುತ್ತಾ ಹೋದರೆ 9 ಸಲಕ್ಕೆ ಮುಗಿಯುತ್ತದೆ. ಹಾಗಾಗಿ ಮರು ಅಂಕಿ ಹಾಕುವ ಕೋಡನ್ನು ಮೊದಲ ದಿನವೇ ಬರೆದಿಡಿ.

"ದಶಮಾಂಶ ಇಟ್ಟರೆ ಮುಗಿಯುವುದೇ ಇಲ್ಲವಲ್ಲ?" ಅಂತ ಕೇಳುವವರಿದ್ದಾರೆ. ಕಾಗದದ ಮೇಲೆ ಹೌದು. ಕಂಪ್ಯೂಟರ್ ದಶಮಾಂಶಕ್ಕೆ ಬಳಸುವ ‘ಡಬಲ್’ ಬಗೆಯ ಅಂಕಿಯಲ್ಲಿ 53 ಬಿಟ್‌ಗಳ ನಿಖರತೆ ಮಾತ್ರ ಇದೆ. 1ಕ್ಕೂ 2ಕ್ಕೂ ನಡುವೆ ಒಂದೇ ಕಡೆಗೆ ಅರ್ಧ ಮಾಡುತ್ತಾ ಹೋದರೆ ಐವತ್ತು ಚಿಲ್ಲರೆ ಸಲಕ್ಕೆ ಅಂಕಿಗಳು ಒಂದೇ ಆಗಿಬಿಡುತ್ತವೆ. ಅದೂ ಯಾವ ಎಚ್ಚರಿಕೆಯೂ ಇಲ್ಲದೆ. ನನಗಂತೂ ಈ ದಾರಿ ಇಷ್ಟವಿಲ್ಲ.

ಅಂಕಿಯ ಬದಲು ಅಕ್ಷರಗಳ ಕೀಲಿ ಬಳಸುವವರೂ ಇದ್ದಾರೆ. ತಂಡಗಳ ಕೆಲಸದ ಪಟ್ಟಿ ಇಡುವ ಜಿರಾ ತಂತ್ರಾಂಶದ ಲೆಕ್ಸೋರ್ಯಾಂಕ್ ಆ ಜಾತಿಯದ್ದು. ಸಾವಿರಾರು ಸಾಲು, ಒಟ್ಟಿಗೆ ಹತ್ತಾರು ಜನ ಎಳೆದಾಡುವ ಕಡೆ ಅದು ಸರಿ. ಅಡಿಕೆ ಅಂಗಡಿಗೆ ಸುಮ್ನೆ ಭಾರ.

ಇಬ್ಬರು ಒಟ್ಟಿಗೆ ಕೈಹಾಕಿದರೆ

ಅಂಗಡಿಯಲ್ಲಿ ಅಪ್ಪ ಒಂದು ಫೋನಿನಲ್ಲಿ, ಮಗಳು ಇನ್ನೊಂದರಲ್ಲಿ. ಇಬ್ಬರೂ ಒಂದೇ ಹೊತ್ತಿಗೆ ಸಾಲು ಬದಲಿಸಿದರೆ ಅಂಕಿ ಕಲಸುಮೇಲೋಗರ ಆಗಬಹುದು. ಬದಲಾವಣೆ ಶುರುಮಾಡುವ ಮೊದಲು ಆ ಅಂಗಡಿಯ ದಾಖಲೆಯನ್ನು ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಹಾಕಿ ಹಿಡಿದಿಡಿ. ಸರಕುಗಳನ್ನಲ್ಲ, ಅಂಗಡಿಯ ಒಂದೇ ಸಾಲನ್ನು. ಎರಡನೆಯವರ ಕೆಲಸ ಮೊದಲನೆಯವರದ್ದು ಮುಗಿಯುವವರೆಗೆ ಕಾಯುತ್ತದೆ. ಒಂದು ಕ್ಷಣದ ಮಾತು, ಯಾರಿಗೂ ಗೊತ್ತೇ ಆಗುವುದಿಲ್ಲ.

ಬೆರಳಿಗೆ ಸಿಗುವ ಹಾಗೆ

ಮೌಸ್ ಹಿಡಿದು ಎಳೆದು ಬಿಡುವುದು ನೋಡಲು ಚಂದ. ಆದರೆ ಅಂಗಡಿಯವರ ಕೈಯಲ್ಲಿರುವುದು ಫೋನು, ಅಲ್ವಾ? ಬ್ರೌಸರ್‌ಗಳ ಹಳೆಯ ಡ್ರ್ಯಾಗ್ ಆ್ಯಂಡ್ ಡ್ರಾಪ್ ವ್ಯವಸ್ಥೆ ಮೌಸ್‌ಗೆ ಅಂತ ಹುಟ್ಟಿದ್ದು, ಟಚ್ ಪರದೆಯಲ್ಲಿ ಅದನ್ನು ನೆಚ್ಚುವ ಹಾಗಿಲ್ಲ. ಸಾರ್ಟಬಲ್ ಜೆಎಸ್‌ನಂಥ ಸಿದ್ಧ ಕೋಡಿನ ಲೈಬ್ರರಿ ಆ ಕೊರತೆ ತುಂಬುತ್ತದೆ. ಆದರೂ ಬೆರಳು ಪಟ್ಟಿಯನ್ನು ಎಳೆಯುತ್ತಿದೆಯೋ ಪುಟವನ್ನು ಸರಿಸುತ್ತಿದೆಯೋ ಎಂಬ ಗೊಂದಲ ತಪ್ಪಿದ್ದಲ್ಲ. ಎಳೆಯಲು ಸಾಲಿನ ಒಂದು ತುದಿಯಲ್ಲಿ ಬೇರೆ ಹಿಡಿ ಇಡಿ.

ಅದರ ಜೊತೆಗೆ ಪ್ರತಿ ಸಾಲಿಗೂ ‘ಮೇಲೆ’, ‘ಕೆಳಗೆ’ ಅಂತ ಎರಡು ಬಟನ್ ಕೊಡಿ. ಸಾಧ್ಯವಾದರೆ ‘ಎಲ್ಲಕ್ಕಿಂತ ಮೇಲೆ’ ಅಂತ ಮೂರನೆಯದು. 2023ರ ಅಕ್ಟೋಬರಿನಲ್ಲಿ ಬಂದ, ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ ಕೂಡ ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿಯೂ ಇರಬೇಕು ಎನ್ನುತ್ತದೆ. ಕೈ ನಡುಗುವವರಿಗೆ, ಪರದೆ ಒಡೆದ ಫೋನಿನವರಿಗೆ ಬಟನ್ನೇ ಗತಿ. ನನ್ನನ್ನು ಕೇಳಿದರೆ ಮೊದಲು ಬಟನ್ ಮಾಡಿ, ಎಳೆಯುವುದು ಆಮೇಲೆ.

ಎರಡು ಭಾಷೆ, ಎರಡು ಶಾಖೆ

ಕನ್ನಡ ಮತ್ತು ಮಲಯಾಳದ ಹೆಸರುಗಳನ್ನು ಬೇರೆ ಟೇಬಲ್ಲಿನಲ್ಲಿ ಇಟ್ಟಿದ್ದರೆ ಪೊಸಿಷನ್ ಅಲ್ಲಿಗೆ ಹೋಗಬಾರದು. ಅದು ಸರಕಿನ ಜೊತೆಗೇ ಇರಲಿ. ಆಗ ಯಾವ ಭಾಷೆಯಲ್ಲಿ ಪುಟ ತೆರೆದರೂ ಹೊಸ ಚಾಲಿ ಮೇಲೆಯೇ ಇರುತ್ತದೆ.

ಶಾಖೆ ಎರಡಾದರೆ ವಿಷಯ ಬೇರೆ. ಬದಿಯಡ್ಕದಲ್ಲಿ ಅಡಿಕೆ ಮೊದಲು ಬೇಕು, ಕಾಞಂಗಾಡಿನ ಶಾಖೆಯವರು ತೆಂಗಿನಕಾಯಿ ಮೊದಲು ಬೇಕು ಎನ್ನುತ್ತಾರೆ ಅನ್ನಿ. ಈಗ ಜಾಗ ಸರಕಿನದ್ದಲ್ಲ, ಸರಕು ಮತ್ತು ಶಾಖೆಯ ಜೋಡಿಯದ್ದು. ಶಾಖೆಯ ಐಡಿ, ಸರಕಿನ ಐಡಿ, ಪೊಸಿಷನ್, ಈ ಮೂರು ಕಾಲಂ ಇರುವ ಪುಟ್ಟ ಟೇಬಲ್ ಮಾಡಿ, ಹಳೆಯ ಅಂಕಿಗಳನ್ನು ಎರಡೂ ಶಾಖೆಗೆ ನಕಲು ಮಾಡಿ. ಬೇಗ ಹುಡುಕಲು ಡೇಟಾಬೇಸು ಬಳಸುವ ಇಂಡೆಕ್ಸ್ ಶಾಖೆ ಮತ್ತು ಪೊಸಿಷನ್ ಎರಡರ ಮೇಲೆ, ಅದೇ ಕ್ರಮದಲ್ಲಿ ಇರಲಿ. ಒಂದು ಶಾಖೆಯವರು ಸಾಲು ಬದಲಿಸಿದಾಗ ಇನ್ನೊಂದರ ಅಂಕಿ ಅಲುಗದ ಹಾಗೆ, ಬದಲಾವಣೆಯ ಪ್ರತಿ ಆಜ್ಞೆಯಲ್ಲೂ ಶಾಖೆಯ ಐಡಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಸರಕು ಅಳಿಸಿದಾಗ ನಡುವೆ ಉಳಿಯುವ ಖಾಲಿ ಅಂಕಿಯನ್ನು ಹಾಗೇ ಬಿಡಿ. 1, 2, 4 ಅಂತ ಇದ್ದರೂ ಸಾಲು ಸರಿಯಾಗಿಯೇ ಬರುತ್ತದೆ.