ಒಂದು ಬಿಡುವಿಗೆ ಒಂದೇ ಜಾಗ: ವಿಜಯಪುರದಲ್ಲಿ ನನ್ನ ಅನುಭವ

ಕಚೇರಿಯ ಐದು ದಿನದ ತರಬೇತಿಗೆ ವಿಜಯಪುರಕ್ಕೆ ಹೊರಟಾಗ ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅವ್ವ ಎಲ್ಲರನ್ನೂ ಜೊತೆಗೆ ಕರೆದೊಯ್ಯುತ್ತೇನೆ ಅಂದೆ. ಅಕ್ಕನ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ನೀ ಕ್ಲಾಸಿನ್ಯಾಗ ಕುಂಡ್ರಾಂವ, ಅವರು ಲಾಡ್ಜಿನ್ಯಾಗ ಕುಂಡ್ರಾವ್ರು. ಒಂದ್ ಕಾರ್ ಮಾಡಿ ಒಂದ ದಿನದಾಗ ಎಲ್ಲಾ ತೋರಿಸಿ ಬಿಡಪಾ" ಅಂದರು ಮಾಮಾ. ಆ ಒಂದು ದಿನದ ಕಥೆ ನಾನು ಆಗಲೇ ಎರಡು ಸಲ ಅನುಭವಿಸಿದ್ದೆ.

ಮೊದಲ ಸಲ ಹೋಗಿದ್ದು ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆ ಅಂತ. ಕಾರಿಗೆ ಎರಡು ಸಾವಿರದ ಮೇಲೆ ಕೊಟ್ಟ ನೆನಪು. ಏಳು ಜಾಗದ ಪಟ್ಟಿ ಹಿಡಿದು ಓಡಿದೆವು. ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಗೋರಿಯಾದ ಇಬ್ರಾಹಿಂ ರೋಜಾಕ್ಕೆ ಮುಟ್ಟಿದ್ದು ಮಧ್ಯಾಹ್ನ ಒಂದರ ಸುಮಾರಿಗೆ. ಚಪ್ಪಲಿ ಬಿಟ್ಟು ಕಟ್ಟೆ ಏರಬೇಕು. ಕಲ್ಲು ಕಾದ ಹಂಚಿನಂತಾಗಿತ್ತು. ಮಗ ನಾಲ್ಕು ಹೆಜ್ಜೆಗೇ ಅತ್ತ. ಅವ್ವ ಕಾರಿನಿಂದ ಇಳಿಯಲೇ ಇಲ್ಲ. ಊಟ, ಲಾಡ್ಜು, ಕಾರು ಸೇರಿ ಏಳು ಸಾವಿರದಷ್ಟು ಹೋಯಿತು. ಊರಿಗೆ ಬಂದ ಮೇಲೆ ಮಗಳನ್ನು ಕೇಳಿದರೆ ಅವಳಿಗೆ ನೆನಪಿದ್ದದ್ದು ಕಬ್ಬಿನ ಹಾಲು ಒಂದೇ.

ಎರಡನೆಯ ಸಲ ಬಿಸಿಲು ಬೇಡವೆಂದು ಡಿಸೆಂಬರಿನಲ್ಲಿ ಹೋದೆವು. ಅದು ಶಾಲಾ ಪ್ರವಾಸದ ಕಾಲ. ಹತ್ತೂವರೆಗೆ ಗೋಳಗುಮ್ಮಟದ ಗ್ಯಾಲರಿ ಏರಿದರೆ ಮುನ್ನೂರು ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು. ಆಚೆ ಬದಿಯ ಪಿಸುಮಾತೂ ಈಚೆ ಕೇಳುವ ಜಾಗ ಅದು. ಪಿಸುಮಾತು ಇರಲಿ, ಪಕ್ಕದವರು ಆಡಿದ್ದೂ ಕೇಳಿಸಲಿಲ್ಲ. ಮೇಲಾಗಿ ಅವತ್ತು ಶುಕ್ರವಾರ, ಎದುರಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಬಂದ್. ಮೆಟ್ಟಿಲು ಏರಲಾಗದ ಅವ್ವನನ್ನು ಅಲ್ಲಿ ಕೂರಿಸಬಹುದು ಅಂತ ಹಾಕಿದ್ದ ಲೆಕ್ಕವೂ ತಪ್ಪಿತು.

ಈ ಫೆಬ್ರವರಿಯಲ್ಲಿ ತರಬೇತಿ ಹತ್ತರಿಂದ ನಾಲ್ಕರವರೆಗೆ. ಅಂದರೆ ನನಗೆ ಬಿಡುವು ಮುಂಜಾನೆ ಎರಡೂವರೆ ತಾಸು, ಸಂಜೆ ಒಂದೂವರೆ ತಾಸು. ಒಂದು ಬಿಡುವಿಗೆ ಒಂದೇ ಜಾಗ, ಇನ್ನೊಂದರ ಹೆಸರೂ ಎತ್ತಬಾರದು. ಮಧ್ಯಾಹ್ನ ಮನೆಯವರಿಗೆ ಖಾನಾವಳಿಯ ರೊಟ್ಟಿ ಊಟ, ಆಮೇಲೆ ನಿದ್ದೆ. ಬಿಸಿಲು ಹೊತ್ತಿನಲ್ಲಿ ಯಾರೂ ಹೊರಗೆ ಕಾಲಿಡಲಿಲ್ಲ.

ಗೋಳಗುಮ್ಮಟ ಮುಂಜಾನೆ ಆರಕ್ಕೇ ತೆರೆಯುತ್ತದೆ. ಮೊದಲ ದಿನ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಒಳಗಿದ್ದೆವು. ಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತಿ, ಹೊರಗಿನ ಗಾಳಿ ಕುಡಿದು, ಗುಮ್ಮಟದೊಳಗಿನ ಗ್ಯಾಲರಿಗೆ ಬಂದಾಗ ನಮ್ಮನ್ನು ಬಿಟ್ಟರೆ ಇನ್ನೊಬ್ಬ ಅಜ್ಜ ಮಾತ್ರ. ಮಗಳನ್ನು ಆಚೆ ಬದಿಗೆ ಕಳಿಸಿ ಗೋಡೆಗೆ ಮುಖ ಕೊಟ್ಟು ಕೂರಲು ಹೇಳಿದೆ. ನಡುವೆ ಮೂವತ್ತೇಳು ಮೀಟರಿನಷ್ಟು ಬಯಲು. ನಾನು ಈಚೆಯಿಂದ ಅವಳ ಮನೆಯ ಹೆಸರನ್ನು ಉಸಿರಿನಲ್ಲೇ ಕರೆದೆ. ಅವಳು ಬೆಚ್ಚಿ ಹಿಂದೆ ತಿರುಗಿ ನೋಡಿದಳು, ಅಪ್ಪ ಬೆನ್ನಿಗೇ ನಿಂತಿದ್ದಾನೆ ಅಂದುಕೊಂಡು. ಆ ಮುಖ ನಾನು ಸಾಯುವವರೆಗೆ ಮರೆಯುವುದಿಲ್ಲ. ಬಸ್ ಟಿಕೆಟ್ ಹರಿದರೆ ಅದರ ಪರ್‌ ಎನ್ನುವ ಸದ್ದೂ ಆಚೆ ಕೇಳುತ್ತದೆ, ಮಾಡಿ ನೋಡಿದ್ದೇನೆ. ಒಂದು ಚಪ್ಪಾಳೆಗೆ ಏಳು ಸಲ ಮಾರ್ದನಿ ಅನ್ನುವುದು ವಾಡಿಕೆ. ಮಗ ಏಳಕ್ಕೆ ನಿಂತ, ಮಗಳು ಒಂಬತ್ತು ಎಣಿಸಿದಳು. ಮರುದಿನ ಎಂಟು ಗಂಟೆಗೆ ಹೋಗಿ ಅದನ್ನೇ ಮಾಡಿಸಿದೆ, ಜನ ಬಂದಿದ್ದರು, ನಾಲ್ಕರ ಮೇಲೆ ಹೋಗಲಿಲ್ಲ. ಯಾವ ಜಾಗದಲ್ಲಿ ಕೂತರೆ ಅತಿ ಸ್ಪಷ್ಟವಾಗಿ ಕೇಳುತ್ತದೆ ಅನ್ನುವುದನ್ನು ಮೂರು ಸುತ್ತು ಹಾಕಿ ಕಂಡುಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹುಡುಕುವುದರಲ್ಲೇ ಮಕ್ಕಳಿಗೆ ಅರ್ಧ ತಾಸು ಹೋಗುತ್ತದೆ.

ಅವ್ವ ಕೆಳಗೇ ಉಳಿದಳು. "ತಮ್ಮಾ, ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂಡ್ರತೀನಿ" ಅಂದವಳು ನಾವು ಇಳಿದು ಬರುವಷ್ಟರಲ್ಲಿ ಕಾವಲಿನವರ ಹತ್ತಿರ ಎಲ್ಲ ಕೇಳಿಕೊಂಡಿದ್ದಳು: ನಡುವಿನ ಕಟ್ಟೆಯ ಮೇಲೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಜೊತೆಗೆ ಅವನ ಬೇಗಂಗಳು, ಪ್ರೀತಿಯ ನರ್ತಕಿ ರಂಭಾ, ಮಗಳು, ಮೊಮ್ಮಗ ಇವರ ಗೋರಿಗಳು. "ರಂಭಾ ಅಂದ್ರ ನಮ್ಮ ಕಡೆ ಹೆಸರಲ್ಲೇನೋ?" ಅಂತ ಲಾಡ್ಜಿಗೆ ಬರುವ ತನಕ ಕೇಳಿದಳು. ಮೆಟ್ಟಿಲು ಏರಲಾಗದವರಿಗೆ ಅಲ್ಲಿ ಏನೂ ಇಲ್ಲ ಅನ್ನುವವರ ಮಾತು ನಂಬಬೇಡಿ.

ಇಬ್ರಾಹಿಂ ರೋಜಾವನ್ನು ಸಂಜೆಗೆ ಇಟ್ಟುಕೊಂಡೆ. ನಾಲ್ಕೂವರೆಯ ನಂತರ ಕಲ್ಲು ತಣ್ಣಗಾಗುತ್ತ ಬರುತ್ತದೆ. ಪಡುವಣದ ಬೆಳಕು ಅಕ್ಷರಗಳನ್ನೇ ಕೊರೆದ ಕಲ್ಲಿನ ಜಾಲಂಧ್ರಗಳ ಮೇಲೆ ಓರೆಯಾಗಿ ಬಿದ್ದಾಗ ಹೆಂಡತಿ ಇಪ್ಪತ್ತು ನಿಮಿಷ ಒಂದೇ ಕಿಟಕಿಯ ಮುಂದೆ ನಿಂತಳು. ಮೇಯಲ್ಲಿ ಇದೇ ಕಿಟಕಿಯನ್ನು ಅವಳು ದಾಟಿ ಹೋಗಿದ್ದಳು! ಒಳಗೆ ಹೋದವರು ತಲೆ ಎತ್ತಿ ಚಾವಣಿ ನೋಡಲೇಬೇಕು. ಕಂಬದ ಆಸರೆ ಇಲ್ಲದೆ ಚಪ್ಪಟೆಯಾಗಿ ನಿಂತ ಕಲ್ಲು ಅದು. ನನ್ನ ಲೆಕ್ಕಕ್ಕೆ ಗೋಳಗುಮ್ಮಟಕ್ಕಿಂತ ಇದೇ ದೊಡ್ಡ ಕೆಲಸ.

ನಡುವೆ ಒಂದು ಪ್ರಯೋಗ ಮಾಡಿದೆ. ಒಂದೇ ದಾರಿಯನ್ನು ಒಮ್ಮೆ ಆಟೋದಲ್ಲಿ, ಒಮ್ಮೆ ಟಾಂಗಾದಲ್ಲಿ. ಆಟೋಕ್ಕೆ ನೂರರೊಳಗೆ, ಟಾಂಗಾಕ್ಕೆ ನೂರೈವತ್ತು ಕೊಟ್ಟೆ, ಹೊತ್ತು ಎರಡು ಪಟ್ಟು. ಆದರೆ ಟಾಂಗಾದ ಮೇಲಿಂದ ಅವ್ವನಿಗೆ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನಿನ ಕಮಾನುಗಳು ಪೂರ್ತಿ ಕಂಡವು. ಆಟೋದ ಟಪ್ಪಿನ ಕೆಳಗೆ ಕಂಡದ್ದು ಅಂಗಡಿಗಳ ಮೆಟ್ಟಿಲು ಮಾತ್ರ. ಮೊಣಕಾಲು ನೋವಿನವರಿಗೆ ಹತ್ತುವಾಗ ಇಬ್ಬರು ಹಿಡಿಯಬೇಕು, ಅಷ್ಟೆ. ಮುಂಜಾನೆ ಆರಕ್ಕೆ ತಪ್ಪದೆ ಬರುವ ಆಟೋದವರನ್ನು ಹೇಗೆ ಗೊತ್ತು ಮಾಡಿಕೊಂಡೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮಲಿಕ್-ಎ-ಮೈದಾನ್ ತೋಪಿನ ಮುಂದೆ ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆ: ಆನೆ ಹುಡುಕಿ. 1549ರಲ್ಲಿ ಎರಕ ಹೊಯ್ದ, ಐವತ್ತೈದು ಟನ್ ತೂಗುವ ಲೋಹದ ಸುತ್ತ ಹತ್ತು ನಿಮಿಷ ತಿರುಗಿ ಕೊನೆಗೆ ಸಿಂಹದ ಬಾಯಲ್ಲಿ, ಹಲ್ಲಿನ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆಯನ್ನು ಮಗ ಕಂಡುಹಿಡಿದ. 1854ರಲ್ಲಿ ಇದನ್ನು ನೂರೈವತ್ತು ರೂಪಾಯಿಗೆ ಹರಾಜು ಹಾಕಿ ಆಮೇಲೆ ರದ್ದು ಮಾಡಿದರು ಅಂದಾಗ ಅವ್ವ, "ನಮ್ಮ ಟಾಂಗಾದ ರೊಕ್ಕ!" ಅಂದಳು.

ಟಿಕೆಟು ದೊಡ್ಡವರಿಗೆ ಇಪ್ಪತ್ತೈದರಂತೆ, ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ಎರಡು ಸಲ ಗೋಳಗುಮ್ಮಟ, ಒಮ್ಮೆ ರೋಜಾ, ಓಡಾಟ, ಚಹಾ ಎಲ್ಲ ಸೇರಿ ಐದು ದಿನಕ್ಕೆ ಸಾವಿರದ ಇನ್ನೂರರ ಆಸುಪಾಸು. ಅಂದರೆ ಮೊದಲ ಸಲದ ಕಾರು ಬಾಡಿಗೆಯಷ್ಟೂ ಆಗಲಿಲ್ಲ. ಲಾಡ್ಜು, ಊಟ ಬೇರೆ. ತಾಜ್ ಬಾವಡಿ, ಜೋಡ ಗುಮ್ಮಟ ಉಳಿದವು, ಉಳಿಯಲಿ ಅಂತಲೇ ಬಿಟ್ಟೆ.

ಕೊನೆಯ ಸಂಜೆ ಮಗಳೊಬ್ಬಳನ್ನು ಕರೆದುಕೊಂಡು ಉಪಲಿ ಬುರುಜು ಏರಿದೆ. ಎಂಬತ್ತು ಅಡಿ, ಹೊರಗೋಡೆಗೆ ಸುತ್ತಿದ ಕಲ್ಲಿನ ಮೆಟ್ಟಿಲು. ಮೇಲೆ ಮೂವತ್ತು ಅಡಿಯ ತೋಪಿನ ಪಕ್ಕ ನಿಂತು ಅವಳು ನಾನು ಕೇಳದೆಯೇ ಬೆರಳು ತೋರಿಸಿದಳು: ಮೂಡಣಕ್ಕೆ ಗೋಳಗುಮ್ಮಟ, ಪಡುವಣಕ್ಕೆ ರೋಜಾ, ನಡುವೆ "ಅಜ್ಜಿಯ ಕಮಾನು."

ಕೆಳಗೆ ಇಳಿಯುವಾಗ ಮಾಮಾನ ಫೋನು. ಯುಗಾದಿ ಮುಗಿದ ಮೇಲೆ ಎಂಟು ಮಂದಿ ಹೋಗ್ತೀವಿ, ಆಟೋದವನ ನಂಬರ್ ಕೊಡು ಅಂದರು. ಎಷ್ಟು ದಿನ ಇರತೀರಿ ಅಂತ ಕೇಳಿದೆ. ಒಂದು ದಿನ ಅಂದರು. ನಂಬರ್ ಇನ್ನೂ ಕೊಟ್ಟಿಲ್ಲ.